ಕೈ ಜೋಮು ಹಿಡಿದರೆ ಮೊದಲು ಸೀಟು ನೋಡಿ

ಸೈಕಲ್ ತುಳಿಯುವವರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಕೈಯದ್ದೇ ಜಾಸ್ತಿ. ಹಾಗಾಗಿ ಅವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನಗೆ 46 ವರ್ಷ. ತೂಕ ಇಳಿಸೋಣ ಅಂತ ಹೈಬ್ರಿಡ್ ಸೈಕಲ್ ತಗೊಂಡು ದಿನಾ ಬೆಳಿಗ್ಗೆ 20–25 ಕಿ.ಮೀ. ತುಳಿಯುತ್ತಿದ್ದೇನೆ. ಅರ್ಧ ಗಂಟೆ ದಾಟಿದರೆ ಸಾಕು, ಎರಡೂ ಕೈಯ ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿಯುತ್ತವೆ. ಕೈ ಕೊಡವಿದರೆ ಸ್ವಲ್ಪ ಹೊತ್ತು ಸರಿ, ಆಮೇಲೆ ಮತ್ತೆ ಅದೇ. ಅಂಗಡಿಯವರು ಹೇಳಿದರು ಅಂತ ಜೆಲ್ ಗ್ಲೌಸ್ ಹಾಕಿಕೊಂಡೆ, ಏನೂ ಉಪಯೋಗ ಆಗಲಿಲ್ಲ. ಇನ್ನೂ ಒಳ್ಳೆಯ ಗ್ಲೌಸ್ ತಗೋಬೇಕಾ?
— ಓದುಗರು, ತುಮಕೂರು

ಉತ್ತರ: ಬೇಡ ಸರ್, ಇನ್ನೊಂದು ಗ್ಲೌಸ್‌ಗೆ ದುಡ್ಡು ಹಾಕಬೇಡಿ. ನೋವು ಕಾಣಿಸಿಕೊಳ್ಳುವುದು ಕೈಯಲ್ಲಾದರೂ ಅದರ ಮೂಲ ಬಹುತೇಕ ಸೀಟಿನಲ್ಲಿರುತ್ತದೆ.

ಅಂಗೈ ಮೇಲೆ ಮಾಡಿ, ಕಿರುಬೆರಳಿನ ನೇರಕ್ಕೆ ಕೆಳಗೆ ಬಂದು, ಮಣಿಕಟ್ಟಿನ ಗೆರೆಯ ಹತ್ತಿರ ಒತ್ತಿ ನೋಡಿ. ಬಟಾಣಿ ಗಾತ್ರದ ಗಟ್ಟಿ ಮೂಳೆಯೊಂದು ಕೈಗೆ ಸಿಗುತ್ತದೆ. ಅದರ ಪಕ್ಕದ ಸಣ್ಣ ಸಂದಿಯಲ್ಲೇ ಉಲ್ನರ್ ನರ ಅಂಗೈಯೊಳಗೆ ಹೋಗುವುದು. ಕಿರುಬೆರಳಿಗೆ ಮತ್ತು ಉಂಗುರ ಬೆರಳಿನ ಅರ್ಧಕ್ಕೆ ಸ್ಪರ್ಶ ಗೊತ್ತಾಗುವುದು ಈ ನರದಿಂದ. ಆ ಜಾಗದಲ್ಲಿ ನರದ ಮೇಲೆ ಮಾಂಸದ ಹೊದಿಕೆ ತೀರಾ ಕಡಿಮೆ. ನೇರ ಹ್ಯಾಂಡಲ್ ಹಿಡಿದು ಮುಂದಕ್ಕೆ ಬಾಗಿದಾಗ ಮೈಭಾರ ಬೀಳುವುದು ಸರಿಯಾಗಿ ಅಲ್ಲಿಗೇ, ಅದರ ಜೊತೆಗೆ ರಸ್ತೆಯ ಅದುರಾಟ ಬೇರೆ. ಜೆಲ್ ಗ್ಲೌಸ್ ಒತ್ತಡವನ್ನು ಸ್ವಲ್ಪ ಹರಡುತ್ತದೆ ಅಷ್ಟೇ, ಭಾರ ಮಾತ್ರ ಇದ್ದಷ್ಟೇ ಇರುತ್ತದೆ. ಗ್ಲೌಸ್ ಬಿಗಿಯಾಗಿದ್ದರಂತೂ ಜೋಮು ಇನ್ನೂ ಬೇಗ ಬರುತ್ತದೆ.

ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುತ್ತಿದ್ದ ಹಳೆಯ ಕಪ್ಪು ಸೈಕಲ್ ನೆನಪಿಸಿಕೊಳ್ಳಿ. ಹ್ಯಾಂಡಲ್ ಹಿಂದಕ್ಕೆ ಬಾಗಿರುತ್ತಿತ್ತು, ಬೆನ್ನು ನೆಟ್ಟಗೆ, ಭಾರವೆಲ್ಲ ಅಗಲವಾದ ಸ್ಪ್ರಿಂಗ್ ಸೀಟಿನ ಮೇಲೆ. ಕೈಗೆ ಇದ್ದದ್ದು ಹ್ಯಾಂಡಲ್ ತಿರುಗಿಸುವ ಕೆಲಸ ಮಾತ್ರ. ಈಗಿನ ಸೈಕಲ್‌ಗಳಲ್ಲಿ ಕೈಯೇ ಒಂದು ಕಂಬ ಆಗಿಬಿಟ್ಟಿದೆ, ಅಲ್ವಾ?

ಒಂದು ಸಣ್ಣ ಪರೀಕ್ಷೆ ಮಾಡಿ. ಗಾಡಿ ಓಡಾಡದ ಸಮತಟ್ಟು ರಸ್ತೆಯಲ್ಲಿ ಹದವಾಗಿ ತುಳಿಯುತ್ತಾ, ಕೈಯನ್ನು ಹ್ಯಾಂಡಲ್‌ಗೆ ಸುಮ್ನೆ ತಾಗಿಸಿದಷ್ಟೇ ಇಟ್ಟುಕೊಳ್ಳಿ. ಮೈ ತಾನಾಗಿ ಮುಂದಕ್ಕೆ ಜಾರಿದರೆ ಸೀಟಿನ ಮೂತಿ ಕೆಳಗೆ ಬಾಗಿದೆ ಎಂದೇ ಮೊದಲು ಅನುಮಾನಿಸಿ. ಕೂತ ಜಾಗ ನೋಯುತ್ತದೆ ಅಂತ ಎಷ್ಟೋ ಜನ ಬೇಕಂತಲೇ ಮೂತಿ ಇಳಿಸುತ್ತಾರೆ, ಆಮೇಲೆ ಜಾರುವ ಮೈಯನ್ನು ಇಡೀ ದಾರಿ ಕೈಯಿಂದ ಹಿಂದಕ್ಕೆ ತಳ್ಳುತ್ತಲೇ ಇರುತ್ತಾರೆ. ಸೀಟಿನ ಮೇಲೆ ಉದ್ದಕ್ಕೆ ಒಂದು ಸ್ಕೇಲ್ ಇಟ್ಟು, ಗಾರೆಯವರ ರಸಮಟ್ಟದಲ್ಲೋ ಫೋನಿನಲ್ಲಿರುವ ಮಟ್ಟದ ಆ್ಯಪ್‌ನಲ್ಲೋ ನೋಡಿ. ಸೀಟಿನ ಅಡಿಯ ಬೋಲ್ಟನ್ನು ಅಲೆನ್ ಕೀಯಿಂದ ಸಡಿಲಿಸಿ, ಮಟ್ಟ ಮಾಡಿ, ಮತ್ತೆ ಬಿಗಿ ಮಾಡಿ. ಒಂದು ಪೈಸೆ ಖರ್ಚಿಲ್ಲ.

ಸೀಟು ಮಟ್ಟವಾಗಿದ್ದೂ ಕೈ ಮೇಲೆ ಭಾರ ಬೀಳುತ್ತಿದ್ದರೆ ಸೀಟನ್ನು ಅರ್ಧ ಸೆಂಟಿಮೀಟರ್ ಹಿಂದಕ್ಕೆ ಸರಿಸಿ. ವಿಚಿತ್ರ ಅನ್ನಿಸಬಹುದು, ಆದರೆ ಸೊಂಟ ಹಿಂದೆ ಹೋದಾಗ ಮುಂದೆ ಬಾಗಿದ ಮೈಯನ್ನು ಸೊಂಟ ಮತ್ತು ಕಾಲೇ ತೂಗಿಸಿಕೊಳ್ಳುತ್ತವೆ. ಹ್ಯಾಂಡಲ್ ಸೀಟಿಗಿಂತ ತಗ್ಗಿದ್ದರೆ ಅದನ್ನೂ ಮೇಲೆತ್ತಬೇಕು. ಹ್ಯಾಂಡಲನ್ನು ಸೈಕಲ್‌ಗೆ ಸೇರಿಸುವ ಗಿಡ್ಡ ತುಂಡು, ಅಂದರೆ ಸ್ಟೆಮ್, ಕೆಳಮುಖವಾಗಿದ್ದರೆ ಅದನ್ನೇ ತಲೆಕೆಳಗು ಮಾಡಿ ಕೂರಿಸಿದರೂ ಹ್ಯಾಂಡಲ್ ಒಂದಷ್ಟು ಮೇಲೆ ಬರುತ್ತದೆ. ಇದನ್ನು ಮಾತ್ರ ಮೆಕ್ಯಾನಿಕ್ ಕೈಲಿ ಮಾಡಿಸಿ. ಆ ಬೋಲ್ಟುಗಳ ಬಿಗಿ ತಪ್ಪಿದರೆ ಓಡುವಾಗಲೇ ಹ್ಯಾಂಡಲ್ ತಿರುಗಿಬಿಡುತ್ತದೆ.

ಆಮೇಲೆ ಗಾಳಿ. ಟೈರಿನ ಮೈಮೇಲೆ ಬರೆದಿರುವ ದೊಡ್ಡ ಸಂಖ್ಯೆ ಅದು ತಡೆಯುವ ಗರಿಷ್ಠ ಒತ್ತಡ, ಅಷ್ಟೇ ತುಂಬಬೇಕು ಅಂತ ಏನಿಲ್ಲ. 35 ಮಿ.ಮೀ. ಅಗಲದ ಟೈರು, 70–75 ಕೆ.ಜಿ. ಸವಾರ ಆದರೆ 50 ಪಿಎಸ್‌ಐ ಆಸುಪಾಸು ಸಾಕು. ಕಲ್ಲಿನಂತೆ ತುಂಬಿಸಿಕೊಂಡು ನಮ್ಮ ರಸ್ತೆಗಳಲ್ಲಿ ಹೋದರೆ ಪ್ರತಿ ಜಲ್ಲಿಯೂ ಮಣಿಕಟ್ಟಿಗೇ ಬಡಿಯುತ್ತದೆ. ಟೈರಿನ ಮೇಲೆ ಕನಿಷ್ಠ ಒತ್ತಡವನ್ನೂ ಬರೆದಿದ್ದರೆ ಅದಕ್ಕಿಂತ ಕೆಳಗೆ ಇಳಿಸಬೇಡಿ.

ಇಷ್ಟನ್ನೂ ಒಂದೇ ದಿನ ಮಾಡಬೇಡಿ ಸರ್, ದಯವಿಟ್ಟು. ಒಂದು ಬದಲಾಯಿಸಿ, ಎರಡು ಮೂರು ದಿನ ತುಳಿದು ನೋಡಿ, ಆಮೇಲೆ ಇನ್ನೊಂದು. ಇಲ್ಲದಿದ್ದರೆ ಯಾವುದರಿಂದ ಗುಣ ಆಯ್ತು ಅಂತಲೇ ಗೊತ್ತಾಗುವುದಿಲ್ಲ. ತುಳಿಯುವಾಗ ಮೊಣಕೈ ಸ್ವಲ್ಪ ಮಡಚಿರಲಿ, ಹ್ಯಾಂಡಲನ್ನು ಹಿಂಡಬೇಡಿ, ಐದು ಹತ್ತು ನಿಮಿಷಕ್ಕೊಮ್ಮೆ ಕೈಯ ಜಾಗ ಬದಲಿಸಿ. ನೇರ ಹ್ಯಾಂಡಲ್‌ನಲ್ಲಿ ಜಾಗ ಬದಲಿಸುವುದಕ್ಕೆ ಅವಕಾಶವೇ ಕಡಿಮೆ. ಅದಕ್ಕೇ ತುದಿಗೆ ಹಾಕುವ ಬಾರ್ ಎಂಡ್, ಇಲ್ಲವೇ ಅಂಗೈಗೆ ಆಸರೆ ಕೊಡುವ ಅಗಲ ಗ್ರಿಪ್ ಸಿಗುತ್ತವೆ. ದುಡ್ಡು ಹಾಕಲೇಬೇಕು ಅನ್ನಿಸಿದರೆ ಆ ಗ್ರಿಪ್‌ಗೆ ಹಾಕಿ, ಅದೂ ಸೀಟು ಸರಿ ಮಾಡಿಕೊಂಡ ಮೇಲೆ.

ಪ್ರಶ್ನೆ: ನಾನು ಟೈಲರಿಂಗ್ ಮಾಡುತ್ತೇನೆ. ಅಂಗಡಿಗೆ 4 ಕಿ.ಮೀ. ಸೈಕಲ್‌ನಲ್ಲೇ ಹೋಗಿ ಬರುವುದು. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟುತ್ತವೆ. ರಾತ್ರಿ ನಿದ್ದೆಯಲ್ಲೂ ಜೋಮು ಬಂದು ಎಚ್ಚರ ಆಗುತ್ತದೆ. ಮನೆಯಲ್ಲಿ ಸೈಕಲ್ ಬಿಡು ಅನ್ನುತ್ತಾರೆ. ಬಿಡಲೇಬೇಕಾ?
— ಓದುಗರು, ಮೈಸೂರು

ಉತ್ತರ: ಮೇಡಂ, ನೀವು ಹೇಳಿದ ಬೆರಳುಗಳು ಬೇರೆ ನರದ್ದು. ಅದು ಮೀಡಿಯನ್ ನರ, ಮಣಿಕಟ್ಟಿನ ನಡುವೆ ಬರುತ್ತದೆ. ರಾತ್ರಿ ಎಚ್ಚರ ಆಗುವುದು, ಕೈ ಕೊಡವಿದರೆ ಹಾಯೆನಿಸುವುದು, ಇವೆರಡೂ ಕಾರ್ಪಲ್ ಟನಲ್ ತೊಂದರೆಯ, ಅಂದರೆ ಮಣಿಕಟ್ಟಿನಲ್ಲಿ ಈ ನರ ಒತ್ತಿಕೊಳ್ಳುವುದರ ಗುರುತು. ದಿನವಿಡೀ ಕತ್ತರಿ ಹಿಡಿದು, ಬಟ್ಟೆ ಒತ್ತಿ ಹಿಡಿದು ಕೆಲಸ ಮಾಡುವ ಕೈ ನಿಮ್ಮದು. 4 ಕಿ.ಮೀ. ಸೈಕಲ್ ಒಂದರಿಂದಲೇ ಹೀಗಾಗಿದೆ ಅಂತ ನನಗೆ ಅನ್ನಿಸುವುದಿಲ್ಲ.

ಡಾಕ್ಟರಿಗೆ ತೋರಿಸಿ. ಸಕ್ಕರೆ, ಥೈರಾಯ್ಡ್ ಮತ್ತು ಬಿ12 ಮಟ್ಟ ಪರೀಕ್ಷೆ ಮಾಡಿಸಬೇಕಾ ಅಂತ ನೀವಾಗಿಯೇ ಕೇಳಿ, ಇವುಗಳ ಏರುಪೇರಿನಿಂದಲೂ ಕೈ ಜೋಮು ಬರಬಹುದು. ರಾತ್ರಿ ಮಲಗುವಾಗ ಮಣಿಕಟ್ಟು ನೇರವಾಗಿ ಇರುವಂತೆ ಒಂದು ಪಟ್ಟಿ ಕಟ್ಟಿಕೊಳ್ಳುವುದಕ್ಕೆ ಹೇಳಬಹುದು. ಶುರುವಿನಲ್ಲೇ ಕಟ್ಟಿಕೊಂಡರೆ ಅದರಿಂದಲೇ ಬಹಳ ಜನಕ್ಕೆ ಆರಾಮ ಸಿಗುತ್ತದೆ.

ಸೈಕಲ್‌ನಲ್ಲಿ ನೋಡಬೇಕಾದ್ದು ಬ್ರೇಕ್ ಲಿವರ್. ಅದು ನೆಲಕ್ಕೆ ಸಮಾನವಾಗಿ ಚಾಚಿದ್ದರೆ, ಬ್ರೇಕ್‌ಗೆ ಬೆರಳು ಹಾಕಿದಾಗಲೆಲ್ಲ ಮಣಿಕಟ್ಟು ಮೇಲಕ್ಕೆ ಮುರಿದು ಆ ನರ ಒತ್ತಿಕೊಳ್ಳುತ್ತದೆ. ಸೀಟಿನ ಮೇಲೆ ಕೂತು ಕೈ ಚಾಚಿ, ಮುಂಗೈ ಇಳಿಯುವ ಓರೆಗೆ ಸರಿಯಾಗಿ ಲಿವರ್ ಕೆಳಗೆ ತಿರುಗಿಸಿಕೊಳ್ಳಿ. ಸೈಕಲ್ ಅಂಗಡಿಯಲ್ಲಿ ಐದು ನಿಮಿಷದ ಕೆಲಸ. ಡಾಕ್ಟರ್ ಬೇಡ ಅನ್ನದಿದ್ದರೆ ಸೈಕಲ್ ಬಿಡಬೇಡಿ.

ಪ್ರಶ್ನೆ: ಮೊದಲ ಸಲ 200 ಕಿ.ಮೀ. ಬಿಆರ್‌ಎಂ (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮುಗಿಸಿದೆ, ಹದಿಮೂರೂವರೆ ಗಂಟೆಯ ಗಡುವಿನ ಒಳಗೇ. ಖುಷಿ ಇದೆ. ಆದರೆ ಹತ್ತು ದಿನ ಆದರೂ ಎಡಗೈ ಕಿರುಬೆರಳಿನಲ್ಲಿ ಸ್ಪರ್ಶ ಸರಿಯಾಗಿಲ್ಲ. ಶರ್ಟಿನ ಗುಂಡಿ ಹಾಕುವುದು, ಬೀಗ ತೆಗೆಯುವುದು ಕಷ್ಟ ಆಗುತ್ತಿದೆ. ಮುಂದಿನ ತಿಂಗಳು 300 ಇದೆ. ಹೋಗಬಹುದಾ?
— ಓದುಗರು, ಹುಬ್ಬಳ್ಳಿ

ಉತ್ತರ: 200 ಮುಗಿಸಿದ್ದಕ್ಕೆ ಅಭಿನಂದನೆ. 300ಕ್ಕೆ ಹೋಗಬೇಡಿ, ಈಗ ಸೈಕಲ್ಲನ್ನೇ ಮುಟ್ಟಬೇಡಿ.

ಜೋಮು ಒಂದು ಮಾತು, ಬಲ ಹೋಗುವುದು ಇನ್ನೊಂದು ಮಾತು. ಉಲ್ನರ್ ನರ ಸ್ಪರ್ಶವನ್ನಷ್ಟೇ ನೋಡಿಕೊಳ್ಳುವುದಿಲ್ಲ, ಬೆರಳು ಅಗಲಿಸುವ ಮತ್ತು ಸಣ್ಣ ವಸ್ತುವನ್ನು ಚಿವುಟಿ ಹಿಡಿಯುವ ಸಣ್ಣ ಸ್ನಾಯುಗಳೂ ಅದರದ್ದೇ. ಹೆಬ್ಬೆರಳು ಮತ್ತು ತೋರುಬೆರಳಿನ ಪಕ್ಕದ ನಡುವೆ ಒಂದು ಕಾಗದ ಹಿಡಿದು, ಇನ್ನೊಬ್ಬರಿಗೆ ಎಳೆಯಲು ಹೇಳಿ. ಕಾಗದ ಬಿಡದೆ ಹಿಡಿಯಲು ಎಡ ಹೆಬ್ಬೆರಳು ಮಾತ್ರ ತುದಿಯ ಗೆಣ್ಣಿನಲ್ಲಿ ಮಡಚಿಕೊಳ್ಳುತ್ತಿದ್ದರೆ ಆ ಸ್ನಾಯು ಸೋತಿದೆ ಅಂತ ಅರ್ಥ. ಹಾಗೆ ಕಾಣದಿದ್ದರೂ ಇದೇ ವಾರ ನರರೋಗ ತಜ್ಞರನ್ನು ನೋಡಿ. ನರ ಎಲ್ಲಿ ಒತ್ತಿದೆ ಎಂದು ನೋಡಲು ನರ್ವ್ ಕಂಡಕ್ಷನ್ ಪರೀಕ್ಷೆ ಮಾಡಿಸಬಹುದು. ಮಣಿಕಟ್ಟೇ ಆಗಬೇಕೆಂದಿಲ್ಲ, ಮೊಣಕೈಯಲ್ಲೂ ಕುತ್ತಿಗೆಯಲ್ಲೂ ಒತ್ತಿರಬಹುದು.

ಒತ್ತಡ ತಪ್ಪಿಸಿದರೆ ಇಂಥ ನರ ಹೆಚ್ಚಿನವರಲ್ಲಿ ಚೇತರಿಸಿಕೊಳ್ಳುತ್ತದೆ, ಆದರೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಗುಣ ಆಗುವ ಮೊದಲೇ 20 ಗಂಟೆ ಅದೇ ಜಾಗದ ಮೇಲೆ ಭಾರ ಹಾಕುವುದು ಬೇಡ. ಬಿಆರ್‌ಎಂ ಮುಂದಿನ ವರ್ಷವೂ ಇರುತ್ತದೆ.

ಪ್ರಶ್ನೆ: ನಂದಿ ಬೆಟ್ಟ ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಕೈ ಸೋತು ಬ್ರೇಕ್ ಹಿಡಿಯಲಾಗುವುದಿಲ್ಲ. ನನ್ನ ಕೈ ಚಿಕ್ಕದು.
— ಓದುಗರು, ಬೆಂಗಳೂರು

ಉತ್ತರ: ಲಿವರ್ ನಿಮ್ಮ ಬೆರಳಿಗೆ ದೂರ ಇದೆ. ಹೆಚ್ಚಿನ ಲಿವರ್‌ಗಳಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ, ತಿರುಗಿಸಿದರೆ ಲಿವರ್ ಹ್ಯಾಂಡಲ್ ಹತ್ತಿರ ಬರುತ್ತದೆ. ಎಳೆದಾಗ ಅದು ಹ್ಯಾಂಡಲ್‌ಗೆ ತಾಗುವ ಮೊದಲೇ ಬ್ರೇಕ್ ಪೂರ್ತಿ ಹಿಡಿಯಬೇಕು, ಅದನ್ನು ಮನೆ ಮುಂದೆಯೇ ಖಚಿತ ಮಾಡಿಕೊಳ್ಳಿ. ಬೆರಳು ಲಿವರ್‌ನ ತುದಿಯ ಹತ್ತಿರ ಇದ್ದರೆ ಕಡಿಮೆ ಬಲಕ್ಕೇ ಚಕ್ರ ನಿಲ್ಲುತ್ತದೆ. ಇಳಿಯುವ ಉದ್ದಕ್ಕೂ ಬ್ರೇಕ್ ಉಜ್ಜುತ್ತಾ ಬರಬೇಡಿ, ತಿರುವಿಗೆ ಮೊದಲು ಎರಡೂ ಬ್ರೇಕ್ ಚೆನ್ನಾಗಿ ಹಿಡಿದು ವೇಗ ಇಳಿಸಿ, ತಿರುವು ದಾಟಿದ ಮೇಲೆ ಬೆರಳು ಸಡಿಲ ಬಿಡಿ. ಆದರೂ ಕೈ ಸೋತರೆ ರಸ್ತೆ ಪಕ್ಕ ನಿಲ್ಲಿಸಿ. ಸಮಯ ಸಿಕ್ಕಾಗ ಬ್ರೇಕಿನ ಒಳ ಕೇಬಲ್ ಹೊಸದು ಹಾಕಿಸಿ, ತುಕ್ಕು ಹಿಡಿದ ಕೇಬಲ್ ಎಳೆಯುವುದಕ್ಕೇ ಅರ್ಧ ಶಕ್ತಿ ಹೋಗಿರುತ್ತದೆ.