ಬಸಿರು, ಬಾಣಂತನ ಮತ್ತು ಲಿಥಿಯಂ ಮಾತ್ರೆ

ದಾವಣಗೆರೆಯ ಸೋದರಿಗೆ,

ನೀವೀಗ ಎರಡು ತಿಂಗಳ ಬಸುರಿ. ಮನಸ್ಸು ಅತಿ ಹುರುಪು, ಅತಿ ಖಿನ್ನತೆಗಳ ನಡುವೆ ತೂಗಾಡುವ ಬೈಪೋಲಾರ್ ಕಾಯಿಲೆಗೆ ನಾಲ್ಕು ವರ್ಷದಿಂದ ಲಿಥಿಯಂ ನುಂಗುತ್ತಿದ್ದೀರಿ. ‘ಮಗುವಿಗೆ ಕುತ್ತು, ಇವತ್ತೇ ನಿಲ್ಲಿಸು’ ಅನ್ನುತ್ತಾರೆ ಅತ್ತೆ. ‘ಡಾಕ್ಟರನ್ನು ಕೇಳದೆ ಬೇಡ’ ಅನ್ನುತ್ತಾರೆ ಯಜಮಾನರು. ಯಾರ ಮಾತು ಕೇಳಲಿ ಎಂದು ಬರೆದಿದ್ದೀರಿ.

ಯಜಮಾನರ ಮಾತು ಕೇಳಿ, ಈ ವಾರವೇ ಮನೋವೈದ್ಯರನ್ನು ಕಾಣಿ. ಲಿಥಿಯಂ ಥಟ್ಟನೆ ಬಿಟ್ಟರೆ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು. ಮೊದಲ ಮೂರು ತಿಂಗಳಲ್ಲಿ ಮಗುವಿನ ಹೃದಯಕ್ಕೆ ಲಿಥಿಯಂನಿಂದ ತುಸು ಅಪಾಯವಿರುವುದು ನಿಜ. ಆದರೆ ಅದು ಸಣ್ಣದು, ಡೋಸ್ ಹೆಚ್ಚಿದಷ್ಟೂ ಹೆಚ್ಚುವಂಥದ್ದು. ಐದನೇ ತಿಂಗಳ ಹೊತ್ತಿಗೆ ಸ್ಕ್ಯಾನ್‌ನಲ್ಲಿ ಮಗುವಿನ ಹೃದಯ ನೋಡುತ್ತಾರೆ. ಬಸುರಿಯರಿಗೆ ನಿಜಕ್ಕೂ ಆಗಬಾರದ್ದು ಇದೇ ಕಾಯಿಲೆಗೆ ಕೊಡುವ ಇನ್ನೊಂದು ಮಾತ್ರೆ, ವಾಲ್‌ಪ್ರೊಯೇಟ್. ಅದನ್ನು ನುಂಗುತ್ತಿರುವ ಓದುಗರಿದ್ದರೆ, ತಾವಾಗಿ ಬಿಡದೆ ಇವತ್ತೇ ವೈದ್ಯರಿಗೆ ಫೋನ್ ಮಾಡಲಿ.

ನನಗೆ ಹೆಚ್ಚು ದಿಗಿಲಿರುವುದು ಬಾಣಂತನದ ಬಗ್ಗೆ. ಬಸಿರಿನಲ್ಲಿ ಮೂತ್ರಪಿಂಡ ಲಿಥಿಯಂ ಅನ್ನು ಬೇಗ ಹೊರಹಾಕುತ್ತದೆ. ಹಾಗಾಗಿ ಆಗಾಗ ರಕ್ತಪರೀಕ್ಷೆ ಮಾಡಿಸಿ ಡೋಸ್ ಏರಿಸಬೇಕಾಗಬಹುದು. ಹೆರಿಗೆಯಾದ ಮೇಲೆ ಅದೇ ಡೋಸ್ ಅತಿಯಾಗುತ್ತದೆ. ಸರಿಯಾಗಿ ಆಗಲೇ ನಮ್ಮ ಮನೆಗಳಲ್ಲಿ ‘ಬಾಣಂತಿ ನೀರು ಕುಡಿಯಬಾರದು, ಉಪ್ಪು ಕಮ್ಮಿ ಮಾಡು’ ಎಂಬ ಪಥ್ಯ ಶುರು! ನೀರು, ಉಪ್ಪು ಕಡಿಮೆಯಾದರೆ ಲಿಥಿಯಂ ಮೈಯಲ್ಲೇ ಉಳಿದು ವಿಷವಾಗುತ್ತದೆ. ಕೈನಡುಕ, ವಾಂತಿ-ಭೇದಿ, ತೊದಲುವಿಕೆ, ತೂರಾಟ ಅದರ ಲಕ್ಷಣ. ಸಿಜೇರಿಯನ್ ನೋವಿಗೆ ಕೊಡುವ ಡೈಕ್ಲೊಫೆನಾಕ್, ಐಬುಪ್ರೊಫೆನ್‌ಗಳೂ ಲಿಥಿಯಂ ಮಟ್ಟ ಏರಿಸಬಲ್ಲವು. ಹೆರಿಗೆ ಡಾಕ್ಟರಿಗೆ ಮೊದಲೇ ಹೇಳಿಡಿ. ಬಾಣಂತನಕ್ಕೆ ಬರುವ ಅಮ್ಮನಿಗೂ ತಿಳಿದಿರಲಿ.

ಇನ್ನು ನಿದ್ದೆ. ಬೈಪೋಲಾರ್ ಇರುವ ಸುಮಾರು ಐವರಲ್ಲಿ ಒಬ್ಬರಿಗೆ ಹೆರಿಗೆಯ ನಂತರ ಕಾಯಿಲೆ ತೀವ್ರವಾಗಿ ಕೆರಳುತ್ತದೆ, ಬಹುತೇಕ ಮೊದಲ ಎರಡು ವಾರದಲ್ಲೇ. ಹಿರಿಯರು ಬಾಣಂತಿ ಸನ್ನಿ ಅನ್ನುತ್ತಿದ್ದದ್ದು ಇದನ್ನೇ. ನಿದ್ದೆಯಿಲ್ಲದಿದ್ದರೂ ದಣಿವಿಲ್ಲ, ಮಾತು ನಿಲ್ಲುತ್ತಿಲ್ಲ, ಮಗುವಿನ ಬಗ್ಗೆ ವಿಚಿತ್ರ ಅನುಮಾನ ಎಂದಾದರೆ ಮಂತ್ರವಾದಿಯ ಬಳಿ ಹೋಗದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಲಿ. ಲಿಥಿಯಂ ಎದೆಹಾಲಿಗೂ ಇಳಿಯುವುದರಿಂದ, ಹಾಲೂಡಿಸುವ ತೀರ್ಮಾನವನ್ನು ವೈದ್ಯರೊಂದಿಗೆ ಈಗಲೇ ಮಾಡಿ. ರಾತ್ರಿ ಬೇರೆಯವರು ಬಾಟಲಿ ಹಾಲು ಕುಡಿಸಿ ನೀವು ಮಲಗಿದರೆ ಅದೇನೂ ಪಾಪವಲ್ಲ.

ದಾಖಲಾಗಬೇಕಾದರೂ ಮಗುವನ್ನು ಅಗಲಬೇಕೆಂದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಒಟ್ಟಿಗಿರುವ ವಾರ್ಡ್ ಇದೆ. ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಬೇರ್ಪಡಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ನಡುರಾತ್ರಿಯಲ್ಲಿ ಏನೂ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

– ಸಂಪಾದಕಿ