ಅಂಗನವಾಡಿ ಮಕ್ಕಳ ಪ್ರಾಜೆಕ್ಟಿಗೆ ಯಾವ ಪಲ್ಯ (ಸೊಪ್ಪು) ಬಿತ್ತಬೇಕು?

ಶರಣು ಅಣ್ಣಾ. ನಿಮ್ಮ ತಂಗಿ ಪದವಿಯ ಕೊನೆಯ ವರ್ಷಕ್ಕೆ ‘ಕೈತೋಟದಿಂದ ಅಂಗನವಾಡಿ ಮಕ್ಕಳ ಬೆಳವಣಿಗೆ’ ಅಂತ ಪ್ರಾಜೆಕ್ಟ್ ತೆಗೆದುಕೊಂಡಿದ್ದಾಳೆ, ಯಾವ ಪಲ್ಯ ಬಿತ್ತಿದರೆ ಒಳ್ಳೆಯದು ಅಂತ ಕೇಳಿದ್ದೀರಿ. ಬೀಜದ ಮಾತು ಆಮೇಲೆ. ನಾನೂ ಇಲ್ಲೇ ಕಲಬುರಗಿಯಲ್ಲಿ ಇಂಥದ್ದೇ ಪ್ರಾಜೆಕ್ಟ್ ಮಾಡಿದವಳು, ಅದಕ್ಕೇ ಮೊದಲು ಇದನ್ನು ಹೇಳುತ್ತೇನೆ: ವಿಷಯವನ್ನು ಚಿಕ್ಕದು ಮಾಡಿಕೊಳ್ಳಲಿ.

ಬೆಳವಣಿಗೆ ಅಂದರೆ ತೂಕ, ಎತ್ತರ, ಮಾತು, ಆಟ ಎಲ್ಲಾ ಬಂತು. ಮಗುವಿನ ತೂಕ ಹೆಚ್ಚಾದರೂ ಅದು ಕೈತೋಟದಿಂದಲೇ ಅಂತ ಹೇಳೋದು ಹೇಗೆ? ಅಲ್ಲಿ ಹಾಲು, ಮೊಟ್ಟೆ, ಊಟವೂ ಇದೆ ಅಲ್ವಾ. ‘ಗಿಡಕ್ಕೆ ನೀರು ಹಾಕುವಾಗ ನಾಲ್ಕೈದು ವರ್ಷದ ಮಕ್ಕಳು ಒಬ್ಬರಿಗೊಬ್ಬರು ಏನು ಮಾತಾಡುತ್ತಾರೆ’ ಅಂತ ಇಟ್ಟುಕೊಳ್ಳಲಿ. ಹತ್ತು ಹನ್ನೆರಡು ಮಕ್ಕಳು ಸಾಕು.

ಪ್ರಶ್ನೆಪಟ್ಟಿ ಹಿಡಿದು ಹೋಗುವುದು ಬೇಡ. ನಾನು ಮೊದಲ ದಿನ ಹಾಗೆ ಹೋಗಿ ‘ಪಲ್ಯ ತಿಂತೀರಾ?’ ಅಂತ ಕೇಳಿದೆ. ಎಲ್ಲರೂ ಟೀಚರ್ ಮುಖ ನೋಡಿ ‘ಹೂಂ’ ಅಂದರು. ಊಟಕ್ಕೆ ಕೂತಾಗ ಅದೇ ಮಕ್ಕಳು ಸೊಪ್ಪನ್ನು ತಟ್ಟೆಯ ಅಂಚಿಗೆ ತಳ್ಳಿದರು. ಆ ದಿನದ ಹಾಳೆ ಪೂರ್ತಿ ಬಿಟ್ಟುಬಿಡಬೇಕಾಯಿತು. ಮೂರು ನಾಲ್ಕು ದಿನ ಸುಮ್ನೆ ಅವರ ಜೊತೆ ನೆಲದ ಮೇಲೆ ಕೂರಲಿ, ಏನೂ ಬರೆಯುವುದು ಬೇಡ. ಮಕ್ಕಳು ಅವಳನ್ನು ಮರೆತು ತಮ್ಮ ಪಾಡಿಗೆ ಆಡತೊಡಗಿದ ಮೇಲೆ ನೋಟ್‌ಬುಕ್ ತೆಗೆಯಲಿ.

ಮಗು ಆಡಿದ ಮಾತನ್ನು ಹಾಗೇ ಬರೆಯಬೇಕು. ಪುಸ್ತಕದ ಕನ್ನಡಕ್ಕೆ ತಿದ್ದಬಾರದು. ನಮ್ಮ ಕಡೆ ಒಂದೇ ಅಂಗನವಾಡಿಯಲ್ಲಿ ಕನ್ನಡ, ದಖನಿ (ನಮ್ಮ ಕಡೆಯ ಉರ್ದು), ಲಂಬಾಣಿ ಮಾತಾಡುವ ಮಕ್ಕಳು ಇರುತ್ತಾರೆ. ತಾಂಡಾದಿಂದ, ಅಂದರೆ ಲಂಬಾಣಿಗರ ಊರಿನಿಂದ, ಬಂದ ಮಗು ಸುಮ್ಮನಿದ್ದರೆ ‘ಮಾತು ತಡ’ ಅಂತ ಬರೆದುಬಿಡಬಾರದು. ಮನೆ ಮಾತು ಬಲ್ಲ ಗೆಳತಿ ಪಕ್ಕ ಕೂತರೆ ಅದೇ ಮಗು ನಿಲ್ಲಿಸದೆ ಮಾತಾಡೀತು. ಆಟ ಗುರುತಿಸೋಕೆ, ಚಿಕ್ಕ ಮಕ್ಕಳ ಆಟವನ್ನು ಅಧ್ಯಯನ ಮಾಡಿದ ಮಿಲ್ಡ್ರೆಡ್ ಪಾರ್ಟನ್ ಎಂಬ ಸಂಶೋಧಕಿ 1932ರಲ್ಲಿ ಮಾಡಿದ ವಿಂಗಡಣೆ ಈಗಲೂ ಉಪಯೋಗಕ್ಕೆ ಬರುತ್ತದೆ: ಒಬ್ಬರೇ ಆಡುವುದು, ನಿಂತು ನೋಡುವುದು, ಪಕ್ಕದಲ್ಲೇ ಇದ್ದರೂ ತಮ್ಮಷ್ಟಕ್ಕೆ ಆಡುವುದು, ಕೂಡಿ ಆಡುವುದು, ಹೀಗೆ.

ಕಾಲೇಜಿನ ಪತ್ರ ತೆಗೆದುಕೊಂಡು ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಅನುಮತಿ ಪಡೆಯಲಿ. ಅದು ಸಿಕ್ಕರೂ ತಾಯಂದಿರ ಒಪ್ಪಿಗೆ ಬೇರೆಯೇ ಬೇಕು. ಕಾಗದವನ್ನು ಪೂರ್ತಿ ಓದಿ ಹೇಳಿ, ‘ಬೇಡ ಅಂದರೂ ಮಗುವಿಗೆ ಏನೂ ಕಡಿಮೆಯಾಗಲ್ಲ’ ಅಂತ ತಿಳಿಸಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು. ನನ್ನ ಕಾಗದದಲ್ಲಿ ಏನಿದೆ ಅಂತ ಕೇಳದೆಯೇ ಒಬ್ಬ ತಾಯಿ ಹೆಬ್ಬೆಟ್ಟು ಒತ್ತಿದ್ದರು. ಮರುದಿನ ಅವರ ಮನೆಗೆ ಹೋಗಿ ಓದಿ ಹೇಳಿ ಬಂದೆ. ವರದಿಯಲ್ಲಿ ಮಕ್ಕಳ ಹೆಸರು ಬೇಡ, ಮುಖದ ಫೋಟೋ ಬೇಡ. ಒಪ್ಪಿಗೆ ಇದ್ದರೂ ಮಗು ಆ ದಿನ ದೂರ ಸರಿದರೆ ಬಿಟ್ಟುಬಿಡಲಿ.

ದಸರಾ ಮುಗಿದ ಕೂಡಲೇ ಶುರು ಮಾಡಿ ಡಿಸೆಂಬರ್ ಹೊತ್ತಿಗೆ ಮುಗಿಸಿದರೆ ಒಳ್ಳೆಯದು. ತೊಗರಿ ಕಟಾವು ಬಂದರೆ ತಾಯಂದಿರು ಮಾತಿಗೆ ಸಿಗುವುದಿಲ್ಲ. ಅದು ಮುಗಿದ ಮೇಲೆ ಎಷ್ಟೋ ಮನೆಯವರು ಮಕ್ಕಳನ್ನು ಕರೆದುಕೊಂಡು ಬೆಂಗಳೂರು, ಪುಣೆಗೆ ದುಡಿಯಲು ಹೋಗುತ್ತಾರೆ. ಅರ್ಧ ಮಕ್ಕಳು ಇಲ್ಲದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಈಗ ಬೀಜ. ಮೆಂತ್ಯವೇ ಸರಿ. ಮೂರು ನಾಲ್ಕು ದಿನಕ್ಕೆ ಮೊಳಕೆ ಕಾಣುತ್ತದೆ, ಆ ಚಳಿಗೆ ಚೆನ್ನಾಗಿಯೂ ಬರುತ್ತದೆ. ಕೊತ್ತಂಬರಿಗೆ ಎಂಟು ಹತ್ತು ದಿನ ಬೇಕು, ಚಿಕ್ಕ ಮಕ್ಕಳು ಅಷ್ಟು ಕಾಯುವುದಿಲ್ಲ. ಬರೀ ಎರೆ (ಕಪ್ಪು) ಮಣ್ಣು ಹಾಕಿದರೆ ಮೇಲೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಮರಳು, ಹಳೇ ಗೊಬ್ಬರ ಬೆರೆಸಿ, ತಳಕ್ಕೆ ತೂತು ಮಾಡಿದ ಅಗಲವಾದ ಟ್ರೇಯಲ್ಲಿ ಬಿತ್ತಲಿ. ಮೊಳಕೆ ಬಂತಾ ಅಂತ ಯಾವುದಾದರೂ ಮಗು ಮಣ್ಣು ಕೆದರಿಯೇ ಕೆದರುತ್ತದೆ. ಬೈಯಬಾರದು. ಆಗ ಪಕ್ಕದ ಮಗುವಿಗೆ ಅದು ಏನು ಹೇಳುತ್ತದೆ ಅನ್ನೋದೇ ಅವಳಿಗೆ ಬೇಕಾದದ್ದು. ಹೀಗಾಗಿ ಒಂದು ಟ್ರೇ ಜಾಸ್ತಿ ಬಿತ್ತಿಟ್ಟುಕೊಳ್ಳಲಿ. ಮನೆಯಲ್ಲಿ ಬೆಳೆದ ಮೆಂತ್ಯ ಬೀಜ ನನ್ನ ಹತ್ತಿರ ಇದೆ, ಭಾನುವಾರ ಅವಳನ್ನೇ ಕಳಿಸಿ ಅಣ್ಣಾ.