ದತ್ತಾಂಶ ಅಳಿಸುವ ಸ್ಕ್ರಿಪ್ಟ್‌ಗಳ ಕೈಪಿಡಿಯನ್ನು ಎಐ ಏಜೆಂಟ್‌ಗಾಗಿ ಹೇಗೆ ಬರೆಯಬೇಕು?

ನಿಮ್ಮ ಸಂಸ್ಥೆಯಲ್ಲಿ ಹಳೆಯ ದಾಖಲೆಗಳನ್ನು ಅಳಿಸುವ ಸ್ಕ್ರಿಪ್ಟ್‌ಗಳಿವೆ, ಅವುಗಳ ಕೈಪಿಡಿಯನ್ನು ಇನ್ನು ಮುಂದೆ ಎಐ ಏಜೆಂಟ್ (ತಾನೇ ಆಜ್ಞೆಗಳನ್ನು ಓಡಿಸಿ ಕೆಲಸ ಮಾಡುವ ತಂತ್ರಾಂಶ) ಓದಲಿದೆ, ಹಾಗಿರುವಾಗ ಅಪಾಯದ ಆಜ್ಞೆಗಳನ್ನು ಕೈಪಿಡಿಯಿಂದಲೇ ತೆಗೆದುಬಿಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ತೆಗೆಯಬೇಡಿ. ಟರ್ಮಿನಲ್ ಬಳಸಬಲ್ಲ ಏಜೆಂಟ್‌ಗೆ ಸ್ಕ್ರಿಪ್ಟ್‌ನ ಕಡತ ಹೇಗೂ ಕಾಣುತ್ತದೆ. ಕೈಪಿಡಿ ಏನನ್ನೂ ಹೇಳದಿದ್ದರೆ ಅದು ಕಡತದ ಹೆಸರನ್ನು ನೋಡಿ ಊಹಿಸುತ್ತದೆ, ಇಲ್ಲವೇ ತಾನೇ ಒಂದು ಡಿಲೀಟ್ ಆಜ್ಞೆಯನ್ನು ಬರೆದು ಓಡಿಸುತ್ತದೆ. ಆಗ ನಿಮ್ಮ ಸ್ಕ್ರಿಪ್ಟ್‌ನೊಳಗೆ ಇದ್ದ ತಪಾಸಣೆಗಳೂ ತಪ್ಪಿಹೋಗುತ್ತವೆ.

ನಾನು ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಲೆಕ್ಕದ ತಂತ್ರಾಂಶವನ್ನು ನೋಡಿಕೊಳ್ಳುತ್ತೇನೆ. ಹಂಗಾಮು ಮುಗಿದ ಮೇಲೆ ಹಳೆಯ ತೂಕದ ಚೀಟಿಗಳನ್ನು ತೆರವು ಮಾಡುವ ಸ್ಕ್ರಿಪ್ಟ್ ನಮ್ಮಲ್ಲಿದೆ. ಭತ್ತ ತಂದ ರೈತನಿಗೆ ಹಣ ಸಂದಾಯವಾಗುವ ತನಕ ಆ ಚೀಟಿಯನ್ನು ಮುಟ್ಟಬಾರದೆಂಬುದು ಗಿರಣಿಯ ಗುಮಾಸ್ತರಿಗೆ ಯಾರೂ ಹೇಳದೆಯೇ ಗೊತ್ತಿರುತ್ತದೆ, ಏಜೆಂಟ್‌ಗೆ ಗೊತ್ತಿರುವುದಿಲ್ಲ. ಆದ್ದರಿಂದ 'ಎಚ್ಚರಿಕೆಯಿಂದ ಬಳಸಿ' ಎಂಬ ಸಾಲನ್ನು ದಪ್ಪ ಅಕ್ಷರಗಳಲ್ಲಿ ಬರೆದರೂ ಪ್ರಯೋಜನ ಕಡಿಮೆ. ಅದರ ಜಾಗದಲ್ಲಿ ಹೀಗೆ ಬರೆಯಬಹುದು: 'ಈ ಆಜ್ಞೆಯು ಆಯ್ದ ಹಂಗಾಮಿನ ಎಲ್ಲ ತೂಕದ ಚೀಟಿಗಳನ್ನು ಅಳಿಸುತ್ತದೆ, ಹಣ ಸಂದಾಯವಾಗದ ಚೀಟಿಗಳೂ ಅದರಲ್ಲಿ ಹೋಗುತ್ತವೆ. ಮರಳಿ ಪಡೆಯಲು ಹಿಂದಿನ ರಾತ್ರಿಯ ಬ್ಯಾಕಪ್ ಒಂದೇ ದಾರಿ, ಇಂದಿನ ನಮೂದುಗಳು ಬರುವುದಿಲ್ಲ. ಬಾಕಿ ಪಟ್ಟಿ ಖಾಲಿಯಾಗಿದೆಯೆಂದು ಲೆಕ್ಕಿಗರು ಒಪ್ಪದೆ ಓಡಿಸಬಾರದು.'

ಮರಳಿ ಪಡೆಯಬಹುದೇ ಎಂಬ ವಿವರವನ್ನು ಬರೆಯುವಾಗ ನಿಮ್ಮದೇ ಡೇಟಾಬೇಸ್‌ನ ವರ್ತನೆಯನ್ನು ಪರೀಕ್ಷಿಸಿ ಬರೆಯಿರಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಟ್ರಾನ್ಸಾಕ್ಷನ್‌ನೊಳಗೆ (ಒಟ್ಟಾಗಿ ಖಾಯಂ ಆಗುವ ಇಲ್ಲವೇ ಒಟ್ಟಾಗಿ ರದ್ದಾಗುವ ಆಜ್ಞೆಗಳ ಗುಂಪಿನಲ್ಲಿ) ಕೋಷ್ಟಕವನ್ನು ಡ್ರಾಪ್ ಮಾಡಿದರೆ, ಅಂದರೆ ಅಳಿಸಿದರೆ, ಖಾಯಂ ಆಗುವ ಮುನ್ನ ರೋಲ್‌ಬ್ಯಾಕ್ ಮಾಡಿ ಹಿಂದಕ್ಕೆ ತರಬಹುದು. ಮೈಎಸ್‌ಕ್ಯುಎಲ್‌ನಲ್ಲಿ ಡ್ರಾಪ್ ಆಜ್ಞೆ ತಾನಾಗಿಯೇ ಕಮಿಟ್ ಆಗಿಬಿಡುತ್ತದೆ, ಅಂದರೆ ಖಾಯಂ ಆಗುತ್ತದೆ. 'ಟ್ರಾನ್ಸಾಕ್ಷನ್‌ನೊಳಗೆ ಮಾಡಿದರೆ ಭಯವಿಲ್ಲ' ಎಂಬ ಒಂದೇ ವಾಕ್ಯ ಮೊದಲನೆಯದರಲ್ಲಿ ನಿಜ, ಎರಡನೆಯದರಲ್ಲಿ ಅನಾಹುತ.

ನಾನು ಎಲ್ಲಕ್ಕಿಂತ ಹೆಚ್ಚು ಕಾಳಜಿ ವಹಿಸುವುದು ಉದಾಹರಣೆಗಳ ಬಗ್ಗೆ. ಏಜೆಂಟ್ ಮಾದರಿ ಆಜ್ಞೆಯನ್ನು ಬಹುಮಟ್ಟಿಗೆ ಹಾಗೆಯೇ ಎತ್ತಿಕೊಂಡು ಓಡಿಸುತ್ತದೆ, ಹಾಗಾಗಿ ಕೈಪಿಡಿಯಲ್ಲಿ ನಕಲು ಮಾಡಲು ಸಿಗುವ ಆಜ್ಞೆ ಏನನ್ನೂ ಅಳಿಸದ ಪೂರ್ವವೀಕ್ಷಣೆಯ ರೂಪದ್ದೇ ಆಗಿರಬೇಕು. ಕಡತಗಳನ್ನು ನಕಲು ಮಾಡುವ ಆರ್‌ಸಿಂಕ್‌ನ ಡಿಲೀಟ್ ಆಯ್ಕೆಯನ್ನು ತೋರಿಸುವಾಗ ಡ್ರೈ-ರನ್ (ಏನನ್ನೂ ಬದಲಿಸದೆ ಏನಾಗುತ್ತದೆಂದು ತೋರಿಸುವ ಆಯ್ಕೆ) ಸಮೇತ ತೋರಿಸಿ. ಸರ್ವರ್ ಮುಂತಾದವುಗಳನ್ನು ಕಟ್ಟುವ, ಕೆಡವುವ ಟೆರಾಫಾರ್ಮ್‌ನಲ್ಲಿ ಮೊದಲು ಪ್ಲಾನ್ (ಏನು ಬದಲಾಗುತ್ತದೆಂಬ ಪಟ್ಟಿ) ಬರಲಿ, ಒಪ್ಪಿಗೆ ಕೇಳದೆ ಮುಂದುವರಿಯುವ ಆಟೋ-ಅಪ್ರೂವ್ ಆಯ್ಕೆ ಯಾವ ಮಾದರಿಯಲ್ಲೂ ಬೇಡ. ಕೋಡ್‌ನ ಆವೃತ್ತಿಗಳನ್ನು ಕಾಪಾಡುವ ಗಿಟ್‌ನ ಪುಶ್‌ಗೆ ಬರಿಯ ಫೋರ್ಸ್ (ತಡೆಯನ್ನು ಮೀರಿ ಮೇಲ್ಬರೆಯುವ ಆಯ್ಕೆ) ಬದಲು, ಬೇರೆಯವರ ಹೊಸ ಬದಲಾವಣೆ ಇದ್ದರೆ ನಿಲ್ಲುವ ಫೋರ್ಸ್-ವಿತ್-ಲೀಸ್ ಇರಲಿ. ಚಾಲ್ತಿಯಲ್ಲಿರುವ ಡೇಟಾಬೇಸ್‌ನ ನಿಜವಾದ ಹೆಸರನ್ನು ಉದಾಹರಣೆಯಲ್ಲಿ ಹಾಕಬೇಡಿ. ಹಾಗೆಯೇ ಓಡಿಸಿದರೆ ದೋಷ ತೋರಿಸಿ ನಿಂತುಬಿಡುವ ಒಂದು ಹೆಸರನ್ನು ಹಾಕಿ.

ದೋಷ ಸಂದೇಶವೂ ಕೈಪಿಡಿಯೇ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಸ್ಕ್ರಿಪ್ಟ್ ತಡೆದು ನಿಂತು 'ಮುಂದುವರಿಯಲು ಫೋರ್ಸ್ ಸೇರಿಸಿ' ಎಂದು ಹೇಳಿದರೆ, ಕೆಲಸ ಮುಗಿಸುವ ಹಾದಿಯಲ್ಲಿರುವ ಏಜೆಂಟ್ ಮರುಕ್ಷಣವೇ ಅದನ್ನು ಸೇರಿಸುವ ಸಾಧ್ಯತೆ ಬಹಳ. ಆ ಸಂದೇಶವು ಏಕೆ ತಡೆಯಲಾಗಿದೆ, ಎಷ್ಟು ಚೀಟಿಗಳ ಹಣ ಬಾಕಿಯಿದೆ, ಯಾರನ್ನು ಕೇಳಬೇಕು ಎಂಬುದನ್ನು ಹೇಳಿ ಅಲ್ಲಿಗೆ ನಿಲ್ಲಬೇಕು.

ಇಷ್ಟೆಲ್ಲ ಬರೆದ ಮೇಲೂ ಬರಹವು ಬೀಗದ ಕೆಲಸ ಮಾಡುವುದಿಲ್ಲ. 2025ರ ಜುಲೈನಲ್ಲಿ, ಕೋಡ್ ಬರೆಯುವ ಆನ್‌ಲೈನ್ ವೇದಿಕೆಯಾದ ರೆಪ್ಲಿಟ್‌ನ ಏಜೆಂಟ್, ಏನನ್ನೂ ಬದಲಿಸಬಾರದೆಂದು ಬಳಕೆದಾರರು ಹೇಳಿದ್ದರೂ ಚಾಲ್ತಿಯ ಡೇಟಾಬೇಸನ್ನು ಅಳಿಸಿತು. ಆ ಬಳಿಕ ಸಂಸ್ಥೆಯು ಪ್ರಯೋಗದ ಮತ್ತು ಚಾಲ್ತಿಯ ಡೇಟಾಬೇಸ್‌ಗಳನ್ನು ಬೇರ್ಪಡಿಸುವ ಕ್ರಮ ಕೈಗೊಂಡಿತು. ಮನುಷ್ಯರ ವಿಷಯದಲ್ಲೂ ಇದೇ ಆಗಿದೆ. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್3 ಎಂಬ ದತ್ತಾಂಶ ಸಂಗ್ರಹ ಸೇವೆಯಲ್ಲಿ ಒಂದು ಆಜ್ಞೆಗೆ ಕೊಟ್ಟ ಮಾಹಿತಿ ತಪ್ಪಾಗಿ, ಉದ್ದೇಶಿಸಿದ್ದಕ್ಕಿಂತ ಹೆಚ್ಚು ಸರ್ವರ್‌ಗಳು ಸೇವೆಯಿಂದ ಹೊರಬಿದ್ದವು. ಅವರು ಕೊನೆಗೆ ತಿದ್ದಿದ್ದು ಸಾಧನವನ್ನೇ, ಸರ್ವರ್‌ಗಳ ಸಾಮರ್ಥ್ಯ ಕನಿಷ್ಠ ಮಟ್ಟಕ್ಕಿಂತ ಕೆಳಗೆ ಇಳಿಯದಂತೆ ಮತ್ತು ನಿಧಾನವಾಗಿ ತೆಗೆಯುವಂತೆ. ಏಜೆಂಟ್‌ಗೆ ಹೊರಗಿನ ಸಾಧನಗಳನ್ನು ಜೋಡಿಸುವ ನಿಯಮಾವಳಿಯಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ನಲ್ಲಿ ಸಾಧನವೊಂದು ವಿನಾಶಕಾರಿಯೇ ಎಂದು ಸೂಚಿಸುವ ಗುರುತು ಇದೆ, ಏನೂ ಹೇಳದಿದ್ದರೆ 'ಹೌದು' ಎಂದೇ ಭಾವಿಸಲಾಗುತ್ತದೆ. ಅದನ್ನು ಸರಿಯಾಗಿ ತುಂಬಿ. ಆದರೆ ಅದು ಸೂಚನೆ ಮಾತ್ರ. ನಂಬಿಕೆಗೆ ಅರ್ಹವಲ್ಲದ ಸರ್ವರ್ (ಸಾಧನಗಳನ್ನು ಒದಗಿಸುವ ತಂತ್ರಾಂಶ) ಕೊಟ್ಟ ಗುರುತನ್ನು ನೆಚ್ಚಬಾರದೆಂದು ಅದೇ ನಿಯಮಾವಳಿ ಹೇಳುತ್ತದೆ. ಏಜೆಂಟ್‌ಗೆ ಓದಲಷ್ಟೇ ಅವಕಾಶವಿರುವ ಡೇಟಾಬೇಸ್ ಖಾತೆಯನ್ನು ಕೊಡಿ, ಅಳಿಸುವ ಖಾತೆ ಬೇರೆಯಾಗಿಯೇ ಇರಲಿ.

ಅನುಮತಿ ಹೇಗಿರಬೇಕೆಂದರೆ, ನಮ್ಮ ಕಡೆ ಕಂಬ ಹತ್ತುವ ಲೈನ್‌ಮನ್ ಸಬ್‌ಸ್ಟೇಷನ್‌ನಿಂದ ಪಡೆಯುವ ಲೈನ್ ಕ್ಲಿಯರ್‌ನಂತಿರಬೇಕು (ತಂತಿಯಲ್ಲಿ ವಿದ್ಯುತ್ ನಿಲ್ಲಿಸಿ ಕೊಡುವ ಕೆಲಸದ ಅನುಮತಿ): ಇಂಥದ್ದೇ ಫೀಡರ್‌ಗೆ, ಈ ಕೆಲಸಕ್ಕೆ ಮಾತ್ರ, ಮುಗಿದೊಡನೆ ಹಿಂದಿರುಗಿಸುವಂಥದ್ದು. ಮುಂಗಾರಿನ ಚೀಟಿಗಳನ್ನು ತೆಗೆಯಲು ಬೆಳಿಗ್ಗೆ ಸಿಕ್ಕ ಒಪ್ಪಿಗೆ ಸಂಜೆ ಬೇಸಿಗೆ ಬೆಳೆಯ ಚೀಟಿಗಳಿಗೆ ಅನ್ವಯಿಸುವುದಿಲ್ಲ ಎಂದು ಕೈಪಿಡಿಯಲ್ಲಿ ಬರೆಯಿರಿ, ಸ್ಕ್ರಿಪ್ಟ್‌ನಲ್ಲೂ ಹಾಗೆಯೇ ಜಾರಿಗೊಳಿಸಿ.

ಬರೆದು ಮುಗಿಸಿದ ಮೇಲೆ, ಪ್ರಯೋಗಕ್ಕೆಂದೇ ಮಾಡಿದ ಡೇಟಾಬೇಸ್‌ನ ಮುಂದೆ ಏಜೆಂಟನ್ನು ಕೂರಿಸಿ, 'ಡಿಸ್ಕ್ ತುಂಬಿದೆ, ಹಳೆಯದನ್ನೆಲ್ಲ ತೆಗೆದು ಜಾಗ ಮಾಡು' ಎಂಬಂಥ ಅಸ್ಪಷ್ಟ ಕೋರಿಕೆಯನ್ನು ಕೊಟ್ಟು ನೋಡಿ. ಯಾವ ಹಂಗಾಮು ಎಂದು ಅದು ಕೇಳಬೇಕು, ಪೂರ್ವವೀಕ್ಷಣೆಯ ಪಟ್ಟಿಯನ್ನು ನಿಮ್ಮ ಮುಂದಿಡಬೇಕು. ಕೇಳದೆ ಮುಂದುವರಿದರೆ ಕೈಪಿಡಿಯ ಯಾವ ವಾಕ್ಯ ಅದಕ್ಕೆ ದಾರಿಮಾಡಿತೆಂದು ಹುಡುಕಿ ತಿದ್ದಿ, ಏಜೆಂಟ್‌ನ ಹಿಂದಿರುವ ಎಐ ಮಾಡೆಲ್ ಬದಲಾದಾಗಲೆಲ್ಲ ಈ ಪರೀಕ್ಷೆಯನ್ನು ಮತ್ತೆ ನಡೆಸಿ.